ಇಷ್ಟು ಗಟ್ಟಿ ಗೂಡಿನಿಂದ ಟಸರ್ ರೇಷ್ಮೆ ಪತಂಗ ಹೊರಗೆ ಬರುವುದು ಹೇಗೆ?

ಕಚ್ಚಿ ಹರಿದಲ್ಲ, ನೆನೆಸಿ. ಕಲಘಟಗಿ ಕಾಡಿನ ಮತ್ತಿ ಮರದಿಂದ ನೀವು ತಂದಿರುವ ಗೂಡು ಕಾಯಿಯಷ್ಟು ಗಟ್ಟಿ, ಅಲ್ವಾ? ಅದು ರೇಷ್ಮೆ ಎಳೆಯನ್ನು ಸುತ್ತಿ ಸುತ್ತಿ ಅಂಟಿನಿಂದ ಬಿಗಿದದ್ದು. ಹೊರಬರುವ ಹೊತ್ತಿಗೆ ಪತಂಗ ಒಂದು ದ್ರವ ಬಿಡುತ್ತದೆ. ಅದು ಅಂಟನ್ನು ಮಾತ್ರ ಸಡಿಲ ಮಾಡುತ್ತದೆ, ಎಳೆಯನ್ನಲ್ಲ. ಆಮೇಲೆ ಎಳೆಗಳನ್ನು ಅತ್ತಿತ್ತ ಸರಿಸಿ ಸಂದಿಯಲ್ಲಿ ನುಸುಳಿ ಬರುತ್ತದೆ. ಕಚ್ಚಲು ಅದಕ್ಕೆ ಕೆಲಸ ಮಾಡುವ ಬಾಯೇ ಇಲ್ಲ! ಹುಳುವಾಗಿದ್ದಾಗ ಎಲೆ ತಿಂದು ಕೂಡಿಟ್ಟ ಕೊಬ್ಬಿನಲ್ಲೇ ಉಳಿದ ಕೆಲವು ದಿನ ಬದುಕುತ್ತದೆ.

ಬೇಸಿಗೆಯಲ್ಲಿ ಸಿಕ್ಕಿದ ಗೂಡು ಖಾಲಿ ಅಂದುಕೊಳ್ಳಬೇಡಿ. ಒಳಗಿನ ಜೀವ ಮಳೆಗಾಲಕ್ಕಾಗಿ ಸುಮ್ನೆ ಮಲಗಿರಬಹುದು. ಹೊರಬಂದ ಪತಂಗ ನೇತಾಡಿದರೆ ಮಾತ್ರ ಮುದುಡಿದ ರೆಕ್ಕೆ ಸರಿಯಾಗಿ ಬಿಚ್ಚಿಕೊಳ್ಳುತ್ತದೆ. ದಯವಿಟ್ಟು ಗೂಡನ್ನು ಡಬ್ಬಿಯಲ್ಲಿ ಇಡಬೇಡಿ, ನೆರಳಿನ ಕೊಂಬೆಗೆ ಕಟ್ಟಿಬಿಡಿ.