ಪ್ರಾಬಬಿಲಿಸ್ಟಿಕ್ ಗ್ರಾಫಿಕಲ್ ಮಾಡೆಲ್ಸ್ ಕೋರ್ಸನ್ನು ಗಣಿತದ ವಿದ್ಯಾರ್ಥಿ ತೆಗೆದುಕೊಳ್ಳಬಹುದೇ?

ಕಾರವಾರದಲ್ಲಿ ಎಂ.ಎಸ್ಸಿ. ಗಣಿತ ಓದುತ್ತಿರುವ ನೀವು, ಮುಂದಿನ ಸೆಮಿಸ್ಟರಿಗೆ ಪ್ರಾಬಬಿಲಿಸ್ಟಿಕ್ ಗ್ರಾಫಿಕಲ್ ಮಾಡೆಲ್ಸ್, ಅಂದರೆ ಅನಿಶ್ಚಿತ ಸಂಗತಿಗಳ ನಡುವಿನ ಸಂಬಂಧಗಳನ್ನು ಚಿತ್ರ ಮತ್ತು ಸಂಭವನೀಯತೆಗಳಿಂದ ಹೇಳುವ ಮಾದರಿಗಳ ಈ ಐಚ್ಛಿಕ ವಿಷಯವನ್ನು ಆಯ್ದುಕೊಳ್ಳಬಹುದೇ, ಪ್ರೋಗ್ರಾಮಿಂಗ್ ಅಷ್ಟಾಗಿ ಬಾರದಿದ್ದರೆ ತೊಂದರೆಯಾದೀತೇ ಎಂದು ಕೇಳಿದ್ದೀರಿ. ನಾನು ಎಂ.ಟೆಕ್. ಮಾಡುವಾಗ ಈ ಕೋರ್ಸನ್ನು ಓದಿದ್ದೇನೆ. ಈಗ ಶಿರಸಿಯಲ್ಲಿದ್ದುಕೊಂಡೇ ದತ್ತಾಂಶ ವಿಶ್ಲೇಷಣೆಯ ಕೆಲಸ ಮಾಡುತ್ತಿದ್ದೇನೆ. ಖಂಡಿತವಾಗಿ ತೆಗೆದುಕೊಳ್ಳಿ. ಪ್ರೋಗ್ರಾಮಿಂಗನ್ನು ಜೊತೆಜೊತೆಗೇ ಕಲಿಯಬಹುದು. ಆದರೆ ಷರತ್ತುಬದ್ಧ ಸಂಭವನೀಯತೆಯಲ್ಲಿ (ಒಂದು ಸಂಗತಿ ನಡೆದಿದೆ ಎಂದು ತಿಳಿದಾಗ ಇನ್ನೊಂದರ ಸಂಭವನೀಯತೆ) ಕೈ ಪಳಗಿರದಿದ್ದರೆ ಎರಡನೆಯ ವಾರದಿಂದಲೇ ಪಾಠ ತಲೆಗೆ ಹತ್ತುವುದಿಲ್ಲ.

ಈ ಕೋರ್ಸಿನ ಜೀವಾಳವಿರುವುದು ಸ್ವಾತಂತ್ರ್ಯದ ಪರಿಕಲ್ಪನೆಯಲ್ಲಿ, ಅಂದರೆ ಒಂದು ಸಂಗತಿ ತಿಳಿದರೂ ಇನ್ನೊಂದರ ಸಂಭವನೀಯತೆ ಬದಲಾಗದಿರುವುದರಲ್ಲಿ. ಹೌದು ಅಥವಾ ಇಲ್ಲ ಎಂಬ ಎರಡೇ ಬೆಲೆಗಳನ್ನು ತಾಳುವ 20 ವೇರಿಯೇಬಲ್‌ಗಳಿದ್ದರೆ, ಅವುಗಳ ಜಂಟಿ ಸಂಭವನೀಯತೆಯ ಕೋಷ್ಟಕದಲ್ಲಿ 10,48,576 ಸಾಲುಗಳಾಗುತ್ತವೆ. ಪ್ರತಿಯೊಂದು ವೇರಿಯೇಬಲ್ಲೂ ನೇರವಾಗಿ ಅವಲಂಬಿಸಿರುವುದು ಹೆಚ್ಚೆಂದರೆ ಬೇರೆ ಮೂರನ್ನು ಮಾತ್ರ ಎಂಬುದು ಗೊತ್ತಿದ್ದರೆ 160 ಸಂಖ್ಯೆಗಳೊಳಗೆ (ಆ ಮೂರರ 8 ಸ್ಥಿತಿಗಳಿಗೆ ಒಂದೊಂದರಂತೆ, 20 × 8) ಅದೇ ವಿಷಯವನ್ನು ಪೂರ್ತಿಯಾಗಿ ಹೇಳಬಹುದು. ಬಾಣದ ಗುರುತುಗಳ ಚಿತ್ರದಿಂದ ಈ ಅವಲಂಬನೆಗಳನ್ನು ತೋರಿಸುವ ಬೇಸಿಯನ್ ನೆಟ್‌ವರ್ಕನ್ನು 1980ರ ದಶಕದಲ್ಲಿ ಬೆಳೆಸಿದವರಲ್ಲಿ ಕಂಪ್ಯೂಟರ್ ವಿಜ್ಞಾನಿ ಜುಡೇಯಾ ಪರ್ಲ್ ಪ್ರಮುಖರು. ಅವರಿಗೆ ಕಂಪ್ಯೂಟರ್ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ 2011ರ ಸಾಲಿಗೆ ಸಂದಿತು.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತು ಅರ್ಥಮಾಡಿಕೊಳ್ಳಬೇಕಾದದ್ದು, ಎರಡು ಕಾರಣಗಳಿಂದ ಹೊರಟ ಬಾಣಗಳು ಒಂದೇ ಪರಿಣಾಮಕ್ಕೆ ಬಂದು ಸೇರುವ ಸಂದರ್ಭ. ನಮ್ಮ ಅಡಿಕೆ ತೋಟದ ಉದಾಹರಣೆಯನ್ನೇ ನೋಡಿ. ಎಳೆಗಾಯಿ ಉದುರುವುದಕ್ಕೆ ಕೊಳೆರೋಗ ಕಾರಣವಿರಬಹುದು, ರಸ ಹೀರುವ ತಿಗಣೆಯೂ ಇರಬಹುದು. ಲೆಕ್ಕದ ಅನುಕೂಲಕ್ಕೆ ಕೊಳೆಯ ಸಂಭವನೀಯತೆ 0.3, ತಿಗಣೆಯದು 0.2, ಎರಡೂ ಪರಸ್ಪರ ಸ್ವತಂತ್ರ, ಎರಡರಲ್ಲಿ ಒಂದಿದ್ದರೂ ಕಾಯಿ ಉದುರುತ್ತದೆ, ಎರಡೂ ಇಲ್ಲದಿದ್ದರೆ ಉದುರುವುದಿಲ್ಲ ಎಂದಿಟ್ಟುಕೊಳ್ಳೋಣ. ಆಗ ಕಾಯಿ ಉದುರುವ ಸಂಭವನೀಯತೆ 1 − 0.7 × 0.8, ಅಂದರೆ 0.44. ಉದುರಿದ್ದು ಕಣ್ಣಿಗೆ ಬಿದ್ದೊಡನೆ ಕೊಳೆಯ ಮೇಲಿನ ಅನುಮಾನ 0.3 ÷ 0.44, ಅಂದರೆ ಸುಮಾರು 0.68ಕ್ಕೆ ಏರುತ್ತದೆ. ಬಿದ್ದ ಕಾಯಿಯ ಮೇಲೆ ಸೂಜಿ ಚುಚ್ಚಿದಂಥ ಗುರುತು ಕಂಡು, ತಿಗಣೆ ಇರುವುದು ಖಚಿತವಾಯಿತೆನ್ನಿ. ಅದೇ ಅನುಮಾನ ಮರಳಿ 0.3ಕ್ಕೆ ಇಳಿಯುತ್ತದೆ. ತಮ್ಮಷ್ಟಕ್ಕೆ ಸ್ವತಂತ್ರವಾಗಿದ್ದ ಎರಡು ಕಾರಣಗಳು, ಪರಿಣಾಮ ತಿಳಿದ ಕೂಡಲೇ ಒಂದನ್ನೊಂದು ಅವಲಂಬಿಸತೊಡಗಿದವು. ಯಾವ ವೇರಿಯೇಬಲ್‌ಗಳು ಯಾವಾಗ ಸ್ವತಂತ್ರ ಎಂಬುದನ್ನು ಚಿತ್ರ ನೋಡಿಯೇ ಹೇಳುವ, ಮುಂದೆ ಬರುವ ಡಿ-ಸೆಪರೇಶನ್ ನಿಯಮಗಳಲ್ಲಿ ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ, ಆದ್ದರಿಂದ ಈ ಲೆಕ್ಕವನ್ನು ಬೇರೆ ಬೇರೆ ಸಂಖ್ಯೆಗಳಿಟ್ಟು ಕಾಗದದ ಮೇಲೆ ಮಾಡಿ ನೋಡಬೇಕೆಂದು ಒತ್ತಿ ಹೇಳುತ್ತೇನೆ.

ಕೋರ್ಸಿನ ನಡುಭಾಗ, ಅಂದರೆ ತಿಳಿದ ಸಂಗತಿಗಳಿಂದ ಉಳಿದವುಗಳ ಸಂಭವನೀಯತೆಯನ್ನು ಲೆಕ್ಕ ಹಾಕುವ ಇನ್‌ಫರೆನ್ಸ್, ನಿಜವಾಗಿಯೂ ಕಠಿಣ. ಸಾಮಾನ್ಯ ಬೇಸಿಯನ್ ನೆಟ್‌ವರ್ಕಿನಲ್ಲಿ ನಿಖರ ಉತ್ತರ ಕಂಡುಹಿಡಿಯುವುದು ಎನ್‌ಪಿ-ಹಾರ್ಡ್ (ಎಲ್ಲ ಸಂದರ್ಭಗಳಲ್ಲೂ ವೇಗವಾಗಿ ಬಿಡಿಸುವ ವಿಧಾನ ಯಾರಿಗೂ ಗೊತ್ತಿಲ್ಲದ ಬಗೆಯ ಸಮಸ್ಯೆ) ಎಂದು ಸಂಶೋಧಕ ಗ್ರೆಗರಿ ಕೂಪರ್ 1990ರಲ್ಲಿ ಸಾಧಿಸಿ ತೋರಿಸಿದರು. ಬೇಡದ ವೇರಿಯೇಬಲ್‌ಗಳನ್ನು ಒಂದೊಂದಾಗಿ ಲೆಕ್ಕದಿಂದ ಕಳೆಯುವ ವೇರಿಯೇಬಲ್ ಎಲಿಮಿನೇಶನ್ನಿನಲ್ಲಿ ಯಾವುದನ್ನು ಮೊದಲು ತೆಗೆಯುತ್ತೇವೆ ಎಂಬ ಕ್ರಮದಿಂದಲೇ ಕೆಲಸ ಹಗುರವೂ ಆಗಬಹುದು, ಕೈಮೀರಿಯೂ ಹೋಗಬಹುದು. ಯಾದೃಚ್ಛಿಕ ಮಾದರಿಗಳನ್ನು ತೆಗೆದು ಉತ್ತರವನ್ನು ಅಂದಾಜಿಸುವ ಗಿಬ್ಸ್ ಸ್ಯಾಂಪ್ಲಿಂಗ್‌ನಂಥ ವಿಧಾನಗಳು ಏಕೆ ಬೇಕಾದವು ಎಂಬುದು ಈ ಕಷ್ಟವನ್ನು ಅನುಭವಿಸಿದ ಮೇಲೆಯೇ ಮನವರಿಕೆಯಾಗುತ್ತದೆ, ಮತ್ತು ಗಣಿತದ ಹಿನ್ನೆಲೆಯವರಿಗೆ ಇಲ್ಲಿ ಇತರರಿಗಿಂತ ಹೆಚ್ಚು ಅನುಕೂಲವಿದೆ.

ಅಪಾರ ದತ್ತಾಂಶದಿಂದ ತಾನೇ ಕಲಿಯುವ ಡೀಪ್ ಲರ್ನಿಂಗ್ ಇರುವಾಗ ಇದೆಲ್ಲ ಹಳತಾಯಿತೇ ಎಂದೂ ಕೇಳಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಇಲ್ಲ. ದತ್ತಾಂಶ ಕಡಿಮೆಯಿದ್ದು, ಕಾರಣಗಳ ಬಗ್ಗೆ ಅನುಭವಿಗಳ ತಿಳಿವಳಿಕೆ ಸಾಕಷ್ಟಿರುವ ಕಡೆ, ಬೆಳೆಯ ರೋಗವಿರಲಿ, ಮನುಷ್ಯರ ರೋಗವಿರಲಿ, ಆ ತಿಳಿವಳಿಕೆಯನ್ನು ನೇರವಾಗಿ ಮಾದರಿಯೊಳಗೆ ಬರೆದಿಡಲು ಇಷ್ಟು ಸ್ಪಷ್ಟವಾದ ಇನ್ನೊಂದು ವಿಧಾನವನ್ನು ನಾನು ಕಂಡಿಲ್ಲ.

ಕೋಡ್ ಬರೆಯಲು ಪೈಥಾನ್ ಭಾಷೆಯಲ್ಲಿ ಇಂಥ ಮಾದರಿಗಳಿಗೆಂದೇ ಇರುವ ಪಿಜಿಎಂಪೈ (pgmpy) ಲೈಬ್ರರಿ ಸಾಕು. ಪಾಠಗಳು ವೇಗವಾಗಿ ಸಾಗಿದರೆ ಈ ವಿಷಯದ ತಜ್ಞೆ ಡಾಫ್ನಿ ಕೋಲರ್ ಅವರು ಕೋರ್ಸೆರಾ ಎಂಬ ಆನ್‌ಲೈನ್ ಕಲಿಕಾ ತಾಣದಲ್ಲಿ ಮೂರು ಭಾಗಗಳಲ್ಲಿ ಕೊಟ್ಟಿರುವ ಪಾಠಗಳನ್ನು ಜೊತೆಗಿಟ್ಟುಕೊಳ್ಳಿ. ಹೆಸರು ನೋಂದಾಯಿಸುವ ಮೊದಲು ಒಂದು ಸಂಜೆ ಕುಳಿತು, ಮೇಲಿನ ಅಡಿಕೆ ತೋಟದ ಉದಾಹರಣೆಯನ್ನು ಬಾಣಗಳ ಚಿತ್ರವಾಗಿ ಬರೆದು, ಕೊಳೆಗೆ ಕಾರಣವಾಗಿ ಮಳೆಯನ್ನೂ ಸೇರಿಸಿ; ಕಾಯಿ ಉದುರಿದ್ದು ತಿಳಿದಾಗ ಮಳೆ ಮತ್ತು ತಿಗಣೆ ಇನ್ನೂ ಸ್ವತಂತ್ರವಾಗಿ ಉಳಿಯುತ್ತವೆಯೇ ಎಂದು ಲೆಕ್ಕ ಹಾಕಿ ನೋಡಿ. ನಿಮ್ಮ ಉತ್ತರವನ್ನು ಇಲ್ಲಿಯೇ ಬರೆದರೆ ನಾನು ಪರಿಶೀಲಿಸಿ ತಿಳಿಸುತ್ತೇನೆ.