ಇಪ್ಪತ್ತು ವರ್ಷದ ಅನುಭವ ಸರಿ, ಯಾವ ಕೋರ್ಟಿನಲ್ಲಿ?

ಪ್ರಶ್ನೆ: ಕಂಪನಿಯವರು ನನ್ನನ್ನು ಕೆಲಸದಿಂದ ತೆಗೆದಿದ್ದಾರೆ. ಇಪ್ಪತ್ತು ವರ್ಷ ಅನುಭವ ಇರುವ ಸಿವಿಲ್ ವಕೀಲರೊಬ್ಬರ ಪರಿಚಯವಿದೆ. ಅವರಿಗೇ ಕೇಸು ಕೊಡಲೇ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಇಪ್ಪತ್ತು ವರ್ಷ ಎನ್ನುತ್ತೀರಿ, ಆ ಇಪ್ಪತ್ತು ವರ್ಷ ಯಾವ ಕೋರ್ಟಿನಲ್ಲಿ ಎಂದು ಮಾತ್ರ ಕೇಳುವುದಿಲ್ಲ. ಪಾಲು ವಿಭಾಗ, ತಡೆಯಾಜ್ಞೆಯ ದಾವೆಗಳಲ್ಲಿ ಪಳಗಿದವರ ಬಗ್ಗೆ ನನಗೆ ಗೌರವವಿದೆ, ನಾನು ಕೆಲಸ ಕಲಿತದ್ದೂ ಅಲ್ಲೇ. ಆದರೆ ನೌಕರಿಯ ಕೇಸಿನ ದಾರಿ ಬೇರೆ. ನೀವು ಕಾನೂನಿನ ಕಣ್ಣಿನಲ್ಲಿ ಕಾರ್ಮಿಕರಾಗಿದ್ದರೆ ಮತ್ತೆ ಕೆಲಸಕ್ಕೆ ಸೇರಿಸಿ, ಹಿಂಬಾಕಿ ಸಂಬಳ ಕೊಡಿ ಎಂದು ಕೈಗಾರಿಕಾ ನ್ಯಾಯಪೀಠದ ಮುಂದೆ ಕೇಳಬಹುದು. ಖಾಸಗಿ ಕಂಪನಿಯಲ್ಲಿ ವ್ಯವಸ್ಥಾಪಕ ಹುದ್ದೆಯಲ್ಲಿದ್ದರೆ ಸಿವಿಲ್ ಕೋರ್ಟಿನಲ್ಲಿ ಸಿಗುವುದು ಸಾಮಾನ್ಯವಾಗಿ ನಷ್ಟ ಪರಿಹಾರ ಮಾತ್ರ. ವೈಯಕ್ತಿಕ ಸೇವೆಯ ಒಪ್ಪಂದವನ್ನು ಬಲವಂತವಾಗಿ ಜಾರಿ ಮಾಡಿಸಲು 1963ರ ನಿರ್ದಿಷ್ಟ ಪರಿಹಾರ ಕಾಯ್ದೆ ಬಿಡುವುದಿಲ್ಲ.

ಇದನ್ನು ಮೊದಲ ದಿನವೇ ವಿಂಗಡಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ಪ್ರಕರಣ ಹೇಳುತ್ತೇನೆ. ಪ್ಲಾಸ್ಟಿಕ್ ಫೋಲ್ಡರ್ ಹಿಡಿದು ಬಂದ ಒಬ್ಬರ ಪದನಾಮ 'ಸೀನಿಯರ್ ಎಕ್ಸಿಕ್ಯುಟಿವ್'. ಅದನ್ನು ನೋಡಿದ ಹಿಂದಿನ ವಕೀಲರು ಇವರು ಅಧಿಕಾರಿ ಎಂದು ತೀರ್ಮಾನಿಸಿ ಸಿವಿಲ್ ದಾವೆ ಹೂಡಿದ್ದರು. ಬೇಡಿಕೆ ಮಾತ್ರ ಮರಳಿ ಕೆಲಸ! ಫೋಲ್ಡರಿನ ತಳದಲ್ಲಿ ಯಂತ್ರದ ಲಾಗ್ ಪುಸ್ತಕದ ಜೆರಾಕ್ಸ್ ಇತ್ತು. ಎರಡು ಗಂಟೆಗೊಮ್ಮೆ ತಾಪಮಾನ, ಒತ್ತಡ, ಪ್ರತಿ ಸಾಲಿನ ಕೊನೆಯಲ್ಲಿ ಅವರದೇ ಪುಟ್ಟ ಸಹಿ, ಮೂಲೆಯಲ್ಲಿ ಎಣ್ಣೆಯ ಕಲೆ. ಅವರ ಕೈಕೆಳಗೆ ಒಬ್ಬನೂ ಇರಲಿಲ್ಲ, ಯಾರ ರಜೆಯನ್ನೂ ಅವರು ಮಂಜೂರು ಮಾಡಿದವರಲ್ಲ. ಕಾನೂನು ನೋಡುವುದು ಪದನಾಮವನ್ನಲ್ಲ, ಮಾಡಿದ ಕೆಲಸವನ್ನು. ಅಷ್ಟರಲ್ಲಿ ಎರಡೂವರೆ ವರ್ಷ ಕಳೆದಿತ್ತು. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆ ಕಾರ್ಮಿಕ ನ್ಯಾಯಾಲಯಕ್ಕೆ ನೇರ ಅರ್ಜಿ ಹಾಕಲು ಮೂರು ವರ್ಷದ ಗಡುವು ಕೊಟ್ಟಿದ್ದರಿಂದ ಬಚಾವಾದೆವು. ಕೇಸು ಈಗ ಸಾಕ್ಷ್ಯದ ಹಂತದಲ್ಲಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ, ವಿವಾದ ಹುಟ್ಟಿ ಎರಡು ವರ್ಷ ದಾಟಿದರೆ ಸಂಧಾನಾಧಿಕಾರಿ (ಎರಡೂ ಪಕ್ಷಗಳನ್ನು ಕೂರಿಸಿ ರಾಜಿಗೆ ಯತ್ನಿಸುವ ಸರ್ಕಾರಿ ಅಧಿಕಾರಿ) ಅದನ್ನು ಕೈಗೆತ್ತಿಕೊಳ್ಳುವಂತೆಯೇ ಇಲ್ಲ. ಹಾಗಾಗಿ ವಜಾ ಆದೇಶ ಕೈಗೆ ಬಂದ ವಾರವೇ ಓಡಾಡಿ ಎಂದು ನಾನು ಗೋಗರೆಯುವುದು.

ವಕೀಲರ ಹಿನ್ನೆಲೆ ತಿಳಿಯಲು ಅವರಿವರನ್ನು ಕೇಳಬೇಕಿಲ್ಲ. ಸನ್ನದು, ಅಂದರೆ ವಕೀಲಿಕೆಯ ಪರವಾನಗಿಯ ಸಂಖ್ಯೆ ಕೇಳಿ. ನಮ್ಮಲ್ಲಿ ಅದು ಕೆಎಆರ್ ಎಂದು ಶುರುವಾಗಿ, ನೋಂದಣಿಯಾದ ವರ್ಷದಿಂದ ಮುಗಿಯುತ್ತದೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ವಕೀಲರ ಹೆಸರು ಅಥವಾ ಆ ಸಂಖ್ಯೆ ಹಾಕಿ ಹುಡುಕಬಹುದು. ಅವರು ನಡೆಸಿದ ಹೈಕೋರ್ಟ್ ತೀರ್ಪುಗಳಿದ್ದರೆ ರಿಟ್ ಅರ್ಜಿಯ ಸಂಖ್ಯೆಯ ಪಕ್ಕ 'ಎಲ್-ಟಿಇಆರ್' ಎಂದಿದೆಯೇ ನೋಡಿ, ಅದು ಕೆಲಸದಿಂದ ತೆಗೆದ ಪ್ರಕರಣದ ಗುರುತು. ಇನ್ನೊಂದು ಪರೀಕ್ಷೆ: ಸಂಧಾನದ ಹಂತದಲ್ಲಿ ನಮ್ಮ ಪರ ಯಾರು ಮಾತಾಡುತ್ತಾರೆ ಎಂದು ಕೇಳಿ. 'ನಾನೇ ಬಂದು ವಾದಿಸುತ್ತೇನೆ' ಎಂದರೆ ಎದ್ದು ಬನ್ನಿ. ಅಲ್ಲಿ ವಕೀಲರಿಗೆ ಪ್ರವೇಶವಿಲ್ಲ. ಮುಂದೆ ವಿಚಾರಣೆಯಲ್ಲೂ ಎದುರು ಪಕ್ಷದ ಒಪ್ಪಿಗೆ, ನ್ಯಾಯಪೀಠದ ಅನುಮತಿ ಎರಡೂ ಬೇಕು. ಕಾರ್ಮಿಕ ಕೇಸು ನಡೆಸಿದವರಿಗೆ ಇದು ಬಾಯಿಪಾಠ.

ಪ್ರಶ್ನೆ: ಎಲ್‌ಎಲ್‌ಎಂ ಮಾಡಿದವರು ಹೆಚ್ಚು ಸಮರ್ಥರೇ?

ಉತ್ತರ: ಪಾಟೀ ಸವಾಲಿಗೂ ಪದವಿಗೂ ಸಂಬಂಧವಿಲ್ಲ.

ಪ್ರಶ್ನೆ: ಮುಂಗಡ ಫೀಸು ಬೇಡ, ಗೆದ್ದರೆ ಬಂದ ಹಣದಲ್ಲಿ ಕಾಲು ಭಾಗ ಕೊಡಿ ಎನ್ನುತ್ತಾರೆ. ಒಪ್ಪಲೇ?

ಉತ್ತರ: ಬೇಡ. ಫಲಿತಾಂಶಕ್ಕೆ ಫೀಸು ಕಟ್ಟುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಮೊದಲ ಮಾತಿನಲ್ಲೇ ನಿಯಮ ಮುರಿದವರು ನಾಳೆ ನಿಮ್ಮ ಬೆನ್ನ ಹಿಂದೆ ಕಂಪನಿಯ ಜೊತೆ ರಾಜಿಗೆ ಕೂರುವುದಿಲ್ಲ ಎಂಬ ಭರವಸೆ ನನಗಂತೂ ಇಲ್ಲ.

ಪ್ರಶ್ನೆ: 'ಲೇಬರ್ ಕನ್ಸಲ್ಟೆಂಟ್' ಒಬ್ಬರು ಎಲ್ಲವನ್ನೂ ತಾವೇ ನಡೆಸಿಕೊಡುವುದಾಗಿ ಹೇಳುತ್ತಿದ್ದಾರೆ.

ಉತ್ತರ: ಪಿಎಫ್ ಲೆಕ್ಕ ತುಂಬಿಸಲು ಹೋಗಿ, ತಕರಾರಿಲ್ಲ. ಸನ್ನದಿಲ್ಲದೆ ಕೋರ್ಟಿನಲ್ಲಿ ವಕೀಲಿಕೆ ಮಾಡಿದರೆ 1961ರ ವಕೀಲರ ಕಾಯ್ದೆಯಡಿ ಆರು ತಿಂಗಳವರೆಗೆ ಜೈಲು. ಇಂಥವರು ಬರೆದುಕೊಟ್ಟ ಅರ್ಜಿಗಳಲ್ಲಿ 'ಸ್ವಇಚ್ಛೆಯಿಂದ ರಾಜೀನಾಮೆ ಕೊಟ್ಟೆ' ಎಂಬ ಒಂದೇ ಸಾಲಿನಿಂದ ಜನ ಕೇಸು ಕಳೆದುಕೊಂಡದ್ದನ್ನು ನೋಡಿ ಹೊಟ್ಟೆ ಉರಿದಿದೆ. ಬಲವಂತವಾಗಿ ಬರೆಸಿಕೊಂಡಿದ್ದರೆ ಅದೇ ದಿನ ಕಂಪನಿಗೆ ಇಮೇಲ್ ಹಾಕಿ, ಯಾರು ಯಾವ ಕೋಣೆಯಲ್ಲಿ ಎಷ್ಟು ಹೊತ್ತಿಗೆ ಬರೆಸಿದರು ಎಂದು ವಿವರವಾಗಿ ತಿಳಿಸಿ.

ಪ್ರಶ್ನೆ: ವಕೀಲರನ್ನು ಬದಲಿಸಬೇಕು, ಬಾಕಿ ಫೀಸು ಕೊಡುವವರೆಗೆ ಕಡತ ಕೊಡುವುದಿಲ್ಲ ಎನ್ನುತ್ತಿದ್ದಾರೆ.

ಉತ್ತರ: ಕೊಡಲೇಬೇಕು. ಫೀಸಿಗಾಗಿ ಕಕ್ಷಿದಾರರ ಕಾಗದಪತ್ರ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು 2000ದಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಾಕಿ ಇದ್ದರೆ ಅವರು ಬೇರೆಯಾಗಿ ವಸೂಲಿ ಮಾಡಿಕೊಳ್ಳಲಿ. ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ಕೊಡದಿದ್ದರೆ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಿ.