ಟಿಂಚರ್ ವಾಸನೆಯೂ ಮೂವತ್ತೈದು ಪೌಂಡೂ

ಪ್ರಶ್ನೆ: ಊರು ದಾವಣಗೆರೆ. ಕೆಲಸಕ್ಕೆಂದು ಎಡಿನ್‌ಬರೋಗೆ ಬಂದು ಒಂದೂವರೆ ವರ್ಷವಾಯ್ತು. ಊರಲ್ಲಿ ಬಿಯರ್, ಅಪರೂಪಕ್ಕೆ ರಮ್, ಅಷ್ಟೇ. ನನ್ನ ಹುಟ್ಟುಹಬ್ಬಕ್ಕೆ ಆಫೀಸಿನವರು ಐಲಾ ದ್ವೀಪದ ಒಂದು ಸಿಂಗಲ್ ಮಾಲ್ಟ್ ವಿಸ್ಕಿ ಕುಡಿಸಿದರು. ಆಸ್ಪತ್ರೆಯ ಡ್ರೆಸ್ಸಿಂಗ್ ರೂಮನ್ನೇ ನೆಕ್ಕಿದ ಹಾಗಾಯ್ತು. ಆದರೂ ಈ ಊರಲ್ಲಿದ್ದು ಸ್ಕಾಚ್ ಗೊತ್ತಿಲ್ಲ ಅಂದರೆ ಹೇಗೆ? 35 ಪೌಂಡ್ ಒಳಗೆ ಮೊದಲ ಬಾಟಲಿ ಯಾವುದು ಕೊಳ್ಳಲಿ? 12 ವರ್ಷಕ್ಕಿಂತ ಕಮ್ಮಿಯದ್ದು ಮುಟ್ಟಬೇಡ ಅನ್ನುತ್ತಾರೆ, ನಿಜವೇ?

ಉತ್ತರ: ನಿಮ್ಮ ಡ್ರೆಸ್ಸಿಂಗ್ ರೂಮು ನನಗೂ ಗೊತ್ತು. ಗ್ಲಾಸ್ಗೋದಲ್ಲಿ ಓದುವಾಗ ಶನಿವಾರ, ಭಾನುವಾರ ಒಂದು ಮದ್ಯದಂಗಡಿಯಲ್ಲಿ ಪೆಟ್ಟಿಗೆ ಎತ್ತುತ್ತಿದ್ದೆ. ಮೊದಲ ಸಂಬಳದಲ್ಲಿ ರಿಯಾಯಿತಿ ಚೀಟಿ ಅಂಟಿಸಿದ್ದ, ಡಬ್ಬಿ ಚೆನ್ನಾಗಿದ್ದ ಬಾಟಲಿಯೊಂದನ್ನು ಹೊತ್ತು ತಂದೆ. ಮುಚ್ಚಳ ತೆಗೆದಿದ್ದೇ ತಡ, ಪಕ್ಕದ ಕೋಣೆಯಿಂದ ಮಂಡ್ಯದ ಗೆಳೆಯ ಓಡಿಬಂದು “ಯಾರಿಗ್ಲಾ ಗಾಯ ಆಯ್ತು?” ಅಂದ. ಆ ಬಾಟಲಿ ಎಂಟು ತಿಂಗಳು ಕಿಟಕಿಯ ಮೇಲೆ ಕೂತಿತ್ತು. ತಪ್ಪು ಬಾಟಲಿಯದಲ್ಲ, ಏನು ಕೊಳ್ಳುತ್ತಿದ್ದೇನೆಂದು ನಾನು ಕೇಳಿರಲಿಲ್ಲ.

ಆ ವಾಸನೆ ಎಲ್ಲಿಂದ ಬರುತ್ತದೆ ಅಂತ ಮೊದಲು ತಿಳಿದುಕೊಳ್ಳಿ. ಮಾಲ್ಟ್ ಅಂದರೆ ನಮ್ಮ ರಾಗಿ ಮಾಲ್ಟಿನ ಮಾಲ್ಟೇ. ನೆನೆಸು, ಮೊಳಕೆ ಬರಿಸು, ಒಣಗಿಸು. ಅಲ್ಲಿ ಕಾಳು ಬಾರ್ಲಿ. ನಮ್ಮಜ್ಜಿ ಮೊಳಕೆ ರಾಗಿಯನ್ನು ಮಾಳಿಗೆ ಮೇಲೆ ಬಿಸಿಲಿಗೆ ಹರವುತ್ತಿದ್ದರು. ಸ್ಕಾಟ್ಲೆಂಡಿನ ಬಿಸಿಲನ್ನು ನೀವೇ ನೋಡುತ್ತಿದ್ದೀರಲ್ಲ, ಅದನ್ನು ನಂಬಿದರೆ ಬಾರ್ಲಿ ಬೂಸ್ಟು ಹಿಡಿಯುತ್ತದೆ. ಹಾಗಾಗಿ ಬೆಂಕಿ ಬೇಕು. ಮರ ಕಡಿಮೆ ಇರುವ ಐಲಾದಂಥ ದ್ವೀಪಗಳಲ್ಲಿ ಜೌಗು ನೆಲದಿಂದ ಹೆಂಟೆ ಹೆಂಟೆಯಾಗಿ ಕಡಿದು ಒಣಗಿಸಿದ ಪೀಟನ್ನೇ (ಅರೆಕೊಳೆತ ಗಿಡಗಂಟಿಯ ಮಣ್ಣು) ಉರಿಸುತ್ತಿದ್ದರು. ಅದರ ಹೊಗೆ ಕಾಳಿಗೆ ಹಿಡಿದು, ಬಟ್ಟಿ ಇಳಿಸಿದ ಮೇಲೂ ಬಿಡದೆ ನಿಮ್ಮ ಲೋಟದವರೆಗೆ ಬಂತು. ಬಚ್ಚಲ ಹಂಡೆ ಒಲೆಯ ಹೊಗೆಗೆ ಟಿಂಚರ್ ಬೆರೆತಂತೆ. ಐಲಾದ ದಕ್ಷಿಣ ದಡದಲ್ಲಿ ಸಾಲಾಗಿ ಕೂತಿರುವ ಲಫ್ರಾಯ್ಗ್, ಲಗವೂಲಿನ್, ಆರ್ಡ್‌ಬೆಗ್ ಮೂರಕ್ಕೂ ಈ ಹೊಗೆಯೇ ಹೆಸರು ತಂದದ್ದು. ಈಗ ಅವನ್ನು ಪ್ರೀತಿಯಿಂದ ಕುಡಿಯುತ್ತೇನೆ, ಆದರೆ ಅಲ್ಲಿಗೆ ಬರಲು ನನಗೆ ಮೂರು ವರ್ಷ ಹಿಡಿಯಿತು. ಮಗುವಿಗೆ ಮೊದಲ ತುತ್ತಿಗೇ ಮಾಗಳಿ ಬೇರಿನ ಉಪ್ಪಿನಕಾಯಿ ನೆಕ್ಕಿಸುವವರು ಯಾರು? ನಿಮ್ಮ ಆಫೀಸಿನವರು ಮಾಡಿದ್ದು ಅದನ್ನೇ.

ಇನ್ನು ವಯಸ್ಸು. ಚೀಟಿ ಮೇಲಿನ 12 ಅಂದರೆ ಅದರೊಳಗಿನ ಅತಿ ಕಿರಿಯ ವಿಸ್ಕಿಗೆ 12 ವರ್ಷ ಅಂತ. ಎಷ್ಟು ವರ್ಷ ಮರದಲ್ಲಿತ್ತು ಅನ್ನುವುದು ಗೊತ್ತಾಗುತ್ತದೆ, ಎಂಥ ಮರ ಅನ್ನುವುದಲ್ಲ. ನಿಮಗೆ ಬೇಕಾದದ್ದು ಎರಡನೆಯದು. ಬರ್ಬನ್ ಅನ್ನುವ ತಮ್ಮ ವಿಸ್ಕಿ ಮಾಡುವ ಅಮೆರಿಕದವರು ಕಾನೂನಿನಂತೆ ಪ್ರತಿಸಲವೂ ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯನ್ನೇ ಬಳಸಬೇಕು. ಒಮ್ಮೆ ಬಳಸಿದ್ದು ಅವರಿಗೆ ಬೇಡ, ಸ್ಕಾಟ್ಲೆಂಡಿಗೆ ಬೇಕು. ಅದರಲ್ಲಿ ಬಲಿತದ್ದಕ್ಕೆ ವೆನಿಲಾ, ಜೇನು, ಕೆಲವೊಮ್ಮೆ ಕೊಬ್ಬರಿ ಮಿಠಾಯಿಯ ವಾಸನೆ. ಸ್ಪೇನಿನ ಶೆರ್ರಿ ವೈನ್ ಕುಡಿದ ಪೀಪಾಯಿಯಾದರೆ ಒಣದ್ರಾಕ್ಷಿ, ಖರ್ಜೂರ, ಲವಂಗ. ಬಣ್ಣ ನೋಡಿ ಮರುಳಾಗಬೇಡಿ. ಸುಟ್ಟ ಸಕ್ಕರೆಯ ಬಣ್ಣ ಸೇರಿಸಲು ಸ್ಕಾಚ್‌ನ ಕಾನೂನೇ ಒಪ್ಪುತ್ತದೆ.

ಹಾಗಾದರೆ ಯಾವುದು? ಎಲ್ಗಿನ್ ಪಟ್ಟಣದ ಗ್ಲೆನ್ ಮರಿ ಕ್ಲಾಸಿಕ್. (ಬರೆಯುವುದು ಮೊರೇ ಅಂತ, ಕರೆಯುವುದು ಹೆಚ್ಚುಕಮ್ಮಿ ನಮ್ಮ ‘ಮರಿ’ಯಂತೆ.) ಬರ್ಬನ್ ಪೀಪಾಯಿಯದು, ಹೊಗೆ ಇಲ್ಲ, ಚೀಟಿಯಲ್ಲಿ ವಯಸ್ಸೂ ಇಲ್ಲ. ಸೂಪರ್‌ಮಾರ್ಕೆಟ್ಟಿನಲ್ಲಿ ಸಾಮಾನ್ಯವಾಗಿ 25 ಪೌಂಡ್ ಆಸುಪಾಸಿನಲ್ಲಿ ಸಿಗುತ್ತದೆ. ವಯಸ್ಸಿಲ್ಲವೆಂದು ಮೂಗು ಮುರಿಯುವವರು ಮುರಿಯಲಿ, ಕಲಿಯುವವನಿಗೆ ಅದಕ್ಕಿಂತ ಸಾಧು ಮೇಷ್ಟ್ರು ಬೇಕಿಲ್ಲ. ನಿಮ್ಮ 35 ಪೌಂಡ್ ಪೂರ್ತಿ ಖರ್ಚಾಗಲೇಬೇಕು ಅಂದರೆ ಗ್ಲೆನ್‌ಫಿಡಿಕ್ 12 ಅಥವಾ ಗ್ಲೆನ್‌ಲಿವೆಟ್ 12 ರಿಯಾಯಿತಿಗೆ ಬರುವವರೆಗೆ ಕಾಯಿರಿ. ಎಲ್ಲರೂ ಕುಡಿಯುತ್ತಾರೆಂದು ಅವನ್ನು ಹಳಿಯುವುದು ಒಂದು ಫ್ಯಾಷನ್ನು. ಗ್ಲೆನ್‌ಫಿಡಿಕ್‌ನ ಆ ಪೇರ್ ಹಣ್ಣಿನ (ಸೀಬೆಯಲ್ಲ, ಇಂಗ್ಲಿಷಿನ pear) ವಾಸನೆ ನನಗೆ ಇವತ್ತಿಗೂ ಇಷ್ಟ. ಒಣಹಣ್ಣಿನ ಕಡೆ ಮನಸ್ಸಿದ್ದರೆ ಅಬರ್ಲೌರ್ 12.

ನಿಮಗೆಂದೇ ಇನ್ನೊಂದು ಹೆಸರು ಹೇಳುತ್ತೇನೆ, ನಿಮ್ಮ 35 ಪೌಂಡ್ ಮೀರಬಹುದು: ಡೀನ್‌ಸ್ಟನ್ 12. ಡೂನ್ ಹತ್ತಿರ ಟೀತ್ ನದಿಯ ದಂಡೆಯಲ್ಲಿದೆ. ಅದು 1785ರಲ್ಲಿ ಕಟ್ಟಿದ ಹತ್ತಿ ಗಿರಣಿ, 1960ರ ದಶಕದಲ್ಲಿ ಗಿರಣಿ ನಿಂತು ಭಟ್ಟಿಯಾಯಿತು. ನಿಂತ ಗಿರಣಿಗಳನ್ನು ನೋಡಿ ಬೆಳೆದ ದಾವಣಗೆರೆಯವರು ಒಮ್ಮೆ ಹೋಗಿಬರಬೇಕಾದ ಜಾಗ. ವಿಸ್ಕಿಯಲ್ಲಿ ಮದ್ಯಸಾರ 46.3 ಶೇಕಡಾ, ಬಣ್ಣ ಸೇರಿಸುವುದಿಲ್ಲ. ಕಾರಿನಲ್ಲಿ ಹೋದರೆ ಚಾಲಕರು ಅಲ್ಲಿ ಕುಡಿಯಬೇಡಿ. ಸ್ಕಾಟ್ಲೆಂಡಿನ ಮಿತಿ ಇಂಗ್ಲೆಂಡಿಗಿಂತ ಕಡಿಮೆ. ಎಷ್ಟೋ ಭಟ್ಟಿಗಳಲ್ಲಿ ಚಾಲಕರ ಪಾಲನ್ನು ಪುಟ್ಟ ಸೀಸೆಗೆ ಹಾಕಿ ಕೊಡುತ್ತಾರೆ, ಕೇಳಿ ಪಡೆಯಿರಿ.

ದುಡ್ಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. 40 ಶೇಕಡಾದ 700 ಮಿಲಿ ಬಾಟಲಿಯಲ್ಲಿ 28 ಯೂನಿಟ್ (ಒಂದು ಯೂನಿಟ್ ಅಂದರೆ 10 ಮಿಲಿ) ಮದ್ಯಸಾರವಿದೆ. ಯೂನಿಟ್ಟಿಗೆ 65 ಪೆನ್ಸ್‌ಗಿಂತ ಕಮ್ಮಿಗೆ ಮಾರಬಾರದೆಂದು 2024ರ ಸೆಪ್ಟೆಂಬರ್ 30ರಿಂದ ಸ್ಕಾಟ್ಲೆಂಡಿನಲ್ಲಿ ನಿಯಮ. ಅಂದರೆ 18 ಪೌಂಡ್ 20 ಪೆನ್ಸ್ ಕೆಳಗೆ ಆ ಅಳತೆಯ ಯಾವ ವಿಸ್ಕಿಯೂ ಇಲ್ಲ. ಸುಂಕ ಬೆಲೆಯ ಮೇಲಲ್ಲ, ಮದ್ಯಸಾರದ ಮೇಲೆ: ಬಾಟಲಿಗೆ ಒಂಬತ್ತು ಪೌಂಡಿಗೂ ಹೆಚ್ಚು, ಜೊತೆಗೆ 20 ಶೇಕಡಾ ವ್ಯಾಟ್. 25 ಪೌಂಡಿನ ಬಾಟಲಿಯಲ್ಲಿ ಅರ್ಧಕ್ಕಿಂತ ಹೆಚ್ಚು ಸರ್ಕಾರದ್ದು. 25ರಿಂದ 35ಕ್ಕೆ ಹೋದಾಗ ಆ ಸುಂಕ ಅಷ್ಟೇ ಇರುತ್ತದೆ, ಹಾಗಾಗಿ ಅಲ್ಲಿ ಹೆಚ್ಚಿಗೆ ಕೊಟ್ಟಿದ್ದು ಲೋಟದಲ್ಲಿ ಕಾಣುವ ಸಾಧ್ಯತೆ ಜಾಸ್ತಿ. 80ಕ್ಕೆ ಹೋದರೆ ಡಬ್ಬಿಯಲ್ಲೂ ಕಾಣುತ್ತದೆ.

ನಿಜವಾಗಿ ನನ್ನನ್ನು ಕೇಳಿದರೆ ಮೊದಲು ಬಾಟಲಿಯನ್ನೇ ಕೊಳ್ಳಬೇಡಿ. 50 ಮಿಲಿಯ ಮಿನಿಯೇಚರ್ ಮೂರು ತನ್ನಿ: ಬರ್ಬನ್ ಪೀಪಾಯಿಯದೊಂದು, ಶೆರ್ರಿಯದೊಂದು, ಹೊಗೆಯದೊಂದು. ಅಂಗಡಿಗೆ ಬೆಳಿಗ್ಗೆ ಹತ್ತರಿಂದ ರಾತ್ರಿ ಹತ್ತರೊಳಗೆ ಹೋಗಿ, ಆಮೇಲೆ ಮಾರುವ ಹಾಗಿಲ್ಲ. ಪಬ್ಬಿನಲ್ಲಾದರೆ ಅಳತೆ 25 ಅಥವಾ 35 ಮಿಲಿ. ನಮ್ಮ ನೈಂಟಿ, ಕ್ವಾರ್ಟರ್ ಲೆಕ್ಕ ಅಲ್ಲಿ ಬಾಯಿಬಿಟ್ಟು ಹೇಳಬೇಡಿ. ದೊಡ್ಡ ಗಾಜಿನ ಟಂಬ್ಲರ್ ಬದಲು ಬಾಯಿ ಕಿರಿದಾದ ಲೋಟ. ಮೊದಲು ಹಾಗೇ ಒಂದು ಗುಟುಕು, ಆಮೇಲೆ ಉದ್ಧರಣೆಯಲ್ಲಿ ತೀರ್ಥ ಬಿಟ್ಟಷ್ಟು ನೀರು (ಅಮ್ಮ ಈ ಪುಟ ಓದದಿರಲಿ), ಮತ್ತೆ ಒಂದು ಗುಟುಕು. ವಾಸನೆ ಬದಲಾಗುವುದು ನಿಮಗೇ ಗೊತ್ತಾಗುತ್ತದೆ. ಐಸ್ ಹಾಕಿದರೆ ಯಾರೂ ಬಂಧಿಸುವುದಿಲ್ಲ, ಆದರೆ ತಣ್ಣಗಾದಷ್ಟೂ ವಾಸನೆ ಮುದುಡುತ್ತದೆ. ಪಕ್ಕದಲ್ಲಿ ಮಿರ್ಚಿ-ಮಂಡಕ್ಕಿ ಮಾತ್ರ ಬೇಡ. ಅದರ ಮುಂದೆ ಯಾವ ಮಾಲ್ಟೂ ನಿಲ್ಲುವುದಿಲ್ಲ. ಅದು ಮಿರ್ಚಿಗೆ ಸಲ್ಲಬೇಕಾದ ಹೊಗಳಿಕೆ.

ಪ್ರಶ್ನೆ: ನಮ್ಮ ಬೆಂಗಳೂರಿನ ಅಮೃತ್ ಕೂಡ ಸಿಂಗಲ್ ಮಾಲ್ಟ್. ಒಂದೇ ಪೀಪಾಯಿಯಿಂದ ತೆಗೆದದ್ದು ಅಂತಲೇ ಹಾಗನ್ನುವುದು? ಮತ್ತೆ ಅದನ್ನು ಸ್ಕಾಚ್ ಅಂತ ಯಾಕೆ ಕರೆಯಬಾರದು? — ಓದುಗರು, ಬಸವನಗುಡಿ

ಉತ್ತರ: ಸಿಂಗಲ್ ಅಂದರೆ ಒಂದೇ ಭಟ್ಟಿಯದು, ಒಂದೇ ಪೀಪಾಯಿಯದಲ್ಲ. ನೂರಾರು ಪೀಪಾಯಿ ಬೆರೆಸಿರಬಹುದು. ಸ್ಕಾಚ್ ಅನ್ನಿಸಿಕೊಳ್ಳಲು ಸ್ಕಾಟ್ಲೆಂಡಿನಲ್ಲೇ ಬಟ್ಟಿ ಇಳಿಸಿ, ಅಲ್ಲೇ ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇಟ್ಟಿರಬೇಕು. ಅಮೃತ್ ಸಿಂಗಲ್ ಮಾಲ್ಟನ್ನು 2004ರಲ್ಲಿ ಮೊದಲು ಬಿಡುಗಡೆ ಮಾಡಿದ್ದು ಗ್ಲಾಸ್ಗೋದಲ್ಲೇ, ಕೊಲ್ಲನ ಬೀದಿಯಲ್ಲೇ ಸೂಜಿ ಮಾರಲು ಹೋದರು ನಮ್ಮವರು. ಸೂಜಿ ಮಾರಾಟವಾಯಿತು! ಅಲ್ಲಿ ಪೀಪಾಯಿಯಿಂದ ವರ್ಷಕ್ಕೆ ಆವಿಯಾಗುವುದು ಸುಮಾರು 2 ಶೇಕಡಾ, ಬೆಂಗಳೂರಿನಲ್ಲಿ 10ರಿಂದ 12. ಆರು ವರ್ಷ ಬಿಟ್ಟು ನೋಡಿದರೆ ಹತ್ತಿರ ಹತ್ತಿರ ಅರ್ಧ ಪೀಪಾಯಿ ಖಾಲಿ. ಅದೇ ಸೆಕೆಗೆ ವಿಸ್ಕಿ ಬೇಗ ಬಲಿಯುತ್ತದೆ ಕೂಡ. ಮೇಲಿನ ದಾವಣಗೆರೆ ಗೆಳೆಯರಿಗೆ ವಯಸ್ಸಿನ ಸಂಖ್ಯೆಗೆ ಜೋತುಬೀಳಬೇಡಿ ಅಂದದ್ದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಇಲ್ಲ.

ಪ್ರಶ್ನೆ: ಭಾವಮೈದುನ ತಂದುಕೊಟ್ಟ 12 ವರ್ಷದ ಸ್ಕಾಚ್ ಸೀಲ್ ಒಡೆಯದೆ 16 ವರ್ಷದಿಂದ ಬೀರುವಿನಲ್ಲಿದೆ. ಈಗ ಅದು 28 ವರ್ಷದ್ದಾಯಿತಲ್ಲವೇ? — ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ಇಲ್ಲ ಮೇಷ್ಟ್ರೇ, ಇವತ್ತಿಗೂ ಹನ್ನೆರಡೇ. ಮರದಲ್ಲಿದ್ದಾಗಷ್ಟೇ ಅದಕ್ಕೆ ವಯಸ್ಸಾಗುತ್ತದೆ, ಗಾಜಿನೊಳಗೆ ಆಗುವುದಿಲ್ಲ. ನೆಟ್ಟಗೆ ನಿಲ್ಲಿಸಿಟ್ಟಿದ್ದರೆ ಕೆಟ್ಟಿರುವುದಿಲ್ಲ. ಮಲಗಿಸಿಟ್ಟಿದ್ದರೆ ಮದ್ಯಸಾರ ಕಾರ್ಕನ್ನು ತಿಂದಿರಬಹುದು. ತೆಗೆಯುವಾಗ ಕಾರ್ಕ್ ಮುರಿದು ಒಳಗೆ ಬಿದ್ದರೆ ಗಾಬರಿಯಾಗಬೇಡಿ, ತೆಳ್ಳನೆಯ ಬಿಳಿ ಬಟ್ಟೆಯಲ್ಲಿ ಸೋಸಿಕೊಳ್ಳಿ. ಮನೆಯ ಕಾಫಿ ಫಿಲ್ಟರಿನ ತಂಟೆಗೆ ಹೋಗಬೇಡಿ, ಬೆಳಿಗ್ಗೆ ಅದರಲ್ಲಿ ಡಿಕಾಕ್ಷನ್ ಹಾಕುವವರಿಗೆ ನಾನು ಉತ್ತರ ಕೊಡಲಾರೆ.